ತೊಟ್ಟಿ ಮನೆಯ ಮಾಡು: ಇಳಿಸಿದ್ದು, ಏರಿಸಿದ್ದು

ಹಳೆಯ ಮನೆಯ ಮಾಡು, ಅಂದರೆ ಚಾವಣಿ, ನೋಡಬೇಕಾದರೆ ಜುಲೈನಲ್ಲಿ ಹೋಗಬೇಕು. ಬೇಸಿಗೆಯಲ್ಲಿ ಹೋದರೆ ಮನೆಯವರು ತೋರಿಸಿದಷ್ಟು ಕಾಣುತ್ತದೆ. ಆಷಾಢದ ಜಡಿಮಳೆಯಲ್ಲಿ ಹೋದರೆ ಅವರಿಗೂ ಗೊತ್ತಿಲ್ಲದ್ದು ಕಾಣುತ್ತದೆ. ಹಾಸನದಲ್ಲಿ ಕುಳಿತು ಮನೆ ವಿನ್ಯಾಸ ಮಾಡುವ ನಮ್ಮಂಥ ಸಣ್ಣ ಕಚೇರಿಗೆ ಈ ಜಿಲ್ಲೆ ಎರಡು ಬೇರೆ ಬೇರೆ ಊರಿದ್ದ ಹಾಗೆ. ಅರಸೀಕೆರೆ ಕಡೆ ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸಿನ ಮಳೆ, ಸಕಲೇಶಪುರದ ಘಟ್ಟದ ಅಂಚಿಗೆ ಹೋದರೆ 2,000 ದಾಟುತ್ತದೆ. ಅಲ್ಲಿ ನಡೆದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕೆಳಗೆ ಬರೆದಿರುವುದು ಸಕಲೇಶಪುರ ತಾಲ್ಲೂಕಿನ, ನಡುವೆ ಬಯಲು ಬಿಟ್ಟು ಕಟ್ಟಿದ ಒಂದು ತೊಟ್ಟಿ ಮನೆಯ ಹಂಚಿನ ಮಾಡನ್ನು ಪೂರ್ತಿ ಬಿಚ್ಚಿ, ಕೆಟ್ಟ ಮರ ಬದಲಿಸಿ, ಮತ್ತೆ ಹೊದಿಸಿದ ಕ್ರಮ. ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆಯ ಮನೆಗಳಿಗೂ ಇದರಲ್ಲಿ ಮುಕ್ಕಾಲು ಪಾಲು ಹೊಂದುತ್ತದೆ.

ಮೊದಲ ಭೇಟಿಗೆ ಬೇಕಾದದ್ದು ಟಾರ್ಚು, ಬಣ್ಣದ ಸೀಮೆಸುಣ್ಣ, ಒಂದು ದಬ್ಬಳ. ಅಟ್ಟ ಹತ್ತಿ ಸುಮ್ಮನೆ ಅರ್ಧ ಗಂಟೆ ಕೂರಬೇಕು. ನೀರು ಹನಿಯುವ ಜಾಗ ಒಂದಾದರೆ ಅದು ಒಳಗೆ ಬಂದ ಜಾಗ ಇನ್ನೊಂದು. ಹಂಚಿನ ಸಂದಿಯಲ್ಲಿ ನುಗ್ಗಿದ ನೀರು ಹಂಚು ಕೂರುವ ಅಡ್ಡಪಟ್ಟಿಯಾದ ರೀಪಿನ ಉದ್ದಕ್ಕೂ ಓಡಿ, ರೀಪನ್ನು ಹೊರುವ ಇಳಿಜಾರು ಮರವಾದ ಪಕಾಸಿಗೆ ತಾಗಿ, ಪಕಾಸಿಯ ಅಡಿಯಲ್ಲಿ ಜಾರಿ ಎಲ್ಲೋ ಗಂಟು ಸಿಕ್ಕಿದ ಕಡೆ ತೊಟ್ಟಿಕ್ಕುತ್ತದೆ. ಹನಿ ಬಿದ್ದ ಜಾಗದಿಂದ ಟಾರ್ಚು ಹಿಡಿದು ಮೇಲಕ್ಕೆ ಹುಡುಕುತ್ತಾ ಹೋಗಿ ಎರಡೂ ಕಡೆ ಗುರುತು ಹಾಕಬೇಕು: ಹನಿಯುವ ಕಡೆ ನೀಲಿ, ನುಗ್ಗುವ ಕಡೆ ಕೆಂಪು. ಒದ್ದೆ ಮರಕ್ಕೆ ಸೀಮೆಸುಣ್ಣ ಹಿಡಿಯದಿದ್ದರೆ ಎಣ್ಣೆ ಬಳಪ. ಈ ಮನೆಯಲ್ಲಿ ನೀಲಿ ಗುರುತು ಮೂವತ್ತರ ಮೇಲಿತ್ತು, ಕೆಂಪು ಹನ್ನೊಂದೇ. ಮನೆಯವರು ವರ್ಷಾವರ್ಷ ಹಂಚು ಬದಲಿಸುತ್ತಿದ್ದುದು ನೀಲಿ ಗುರುತಿನ ನೆತ್ತಿಯ ಮೇಲೆ.

ದಬ್ಬಳ ಬೇಕಾಗುವುದು ಮರಕ್ಕೆ. ಕೊಳೆತ ಮರ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ, ಒರಲೆ (ಗೆದ್ದಲು) ಹಿಡಿದದ್ದಂತೂ ಇನ್ನೂ ಚೆನ್ನಾಗಿ. ದಬ್ಬಳ ಒತ್ತಿದಾಗ ಕಾಲಿಂಚಿನೊಳಗೆ ನಿಂತರೆ ಮರ ಗಟ್ಟಿ, ಒಂದಿಂಚು ಸಲೀಸಾಗಿ ಇಳಿದರೆ ಆ ಭಾಗ ಹೋಯಿತು. ಎಲ್ಲ ಮರವನ್ನೂ ಚುಚ್ಚುತ್ತಾ ಕೂರಬೇಕಾಗಿಲ್ಲ. ಹಾಳಾಗುವ ಜಾಗಗಳು ಹೆಚ್ಚುಕಡಿಮೆ ಎಲ್ಲ ಮನೆಯಲ್ಲೂ ಅವೇ: ಪಕಾಸಿಯ ಬುಡ ಗೋಡೆಯ ಮಣ್ಣಿನಲ್ಲಿ ಹೂತ ಕಡೆ, ಸೂರಿನಿಂದ ಹೊರಚಾಚಿದ ತುದಿ, ತೊಟ್ಟಿಯ ನಾಲ್ಕು ಮೂಲೆ, ಹೊಗೆ ಹೋಗಲೆಂದು ಆಮೇಲೆ ತೂತು ಕೊರೆದು ಕೊಳವೆ ಇಟ್ಟ ಜಾಗ. ಒಲೆಯ ಮೇಲಿನ ಮಾಡು ಮಾತ್ರ ನೂರು ವರ್ಷವಾದರೂ ಕಬ್ಬಿಣದಂತಿರುತ್ತದೆ. ಸೌದೆ ಹೊಗೆ ಮರವನ್ನು ಒಣದಾಗಿಟ್ಟು ಹುಳ ಹತ್ತಿರ ಬರದಂತೆ ಕಾಯುತ್ತದೆ. ಗ್ಯಾಸ್ ಬಂದ ಮೇಲೆ ಅಡುಗೆಮನೆಯ ಮರಕ್ಕೂ ಒರಲೆ ಹಿಡಿದದ್ದನ್ನು ಹಲವು ಮನೆಗಳಲ್ಲಿ ಕಂಡಿದ್ದೇವೆ.

ಅಳತೆಗೆ ಎರಡು ದಿನ ಹಿಡಿಯಿತು. ಹಳೆಯ ಮನೆಯಲ್ಲಿ ಮೂಲೆಮಟ್ಟ ಇದೆಯೆಂದು ನಂಬಬಾರದು. ಪ್ರತಿ ಕೋಣೆಗೂ ನಾಲ್ಕು ಗೋಡೆ ಅಳೆದ ಮೇಲೆ ಎರಡು ಕರ್ಣವನ್ನೂ ಅಳೆಯಲೇಬೇಕು. ಇಲ್ಲಿ ನಡುಮನೆಯ ಎರಡು ಕರ್ಣಗಳಿಗೆ ನಾಲ್ಕು ಇಂಚು ವ್ಯತ್ಯಾಸ. ಅದನ್ನು ನಕ್ಷೆಯಲ್ಲಿ ಚೌಕ ಮಾಡಿಬಿಟ್ಟರೆ ಮುಂದೆ ಮಾಡಿನ ಮೂಲೆಯಲ್ಲಿ ಪ್ರತಿ ಹಂಚನ್ನೂ ಕತ್ತರಿಸುವ ಪಾಡು. ಗೋಡೆ ತಲೆಯ ಮಟ್ಟ ನೋಡುವುದಕ್ಕೆ ನೀರು ತುಂಬಿದ ಲೆವೆಲ್ ಪೈಪೇ ಸಾಕು, ಲೇಸರ್ ಯಂತ್ರ ಅಟ್ಟದ ಧೂಳಿನಲ್ಲಿ ಏನೂ ಮಾಡಲಾರದು. ನೆತ್ತಿಯ ತೊಲೆಗೆ ಈ ತುದಿಯಿಂದ ಆ ತುದಿಗೆ ದಾರ ಕಟ್ಟಿದಾಗ ನಡುವೆ ಎರಡೂವರೆ ಇಂಚು ಜೋತಿತ್ತು. ಆ ಉದ್ದಕ್ಕೆ ಅದು ಗಾಬರಿ ಬೀಳುವಂಥದ್ದಲ್ಲ. ಜೋತು ಒಣಗಿ ಗಟ್ಟಿಯಾದ ತೊಲೆಯನ್ನು ಜಾಕಿ ಕೊಟ್ಟು ನೇರ ಮಾಡಲು ಹೋದರೆ ಕಂಬದ ತಲೆಯ ಬೋದಿಗೆಯ ಹತ್ತಿರ ಸೀಳುತ್ತದೆ. ಅದನ್ನು ಹಾಗೇ ಬಿಟ್ಟು, ಮೇಲೆ ಪಕಾಸಿ ಕೂರುವ ಕಡೆ ಚಕ್ಕೆ ಕೊಟ್ಟು ಸಮ ಮಾಡಿದೆವು.

ಕಾಗದಪತ್ರದ ವಿಷಯ ಚುಟುಕಾಗಿ ಹೇಳುವುದಾದರೆ, ಮನೆ ಗ್ರಾಮಠಾಣೆಯೊಳಗಿದ್ದರೆ ಪಂಚಾಯ್ತಿಯ ಇ-ಸ್ವತ್ತು ನಮೂನೆ 9 ಮತ್ತು 11 ಯಾರ ಹೆಸರಿನಲ್ಲಿವೆ ಎಂದು ಮೊದಲು ನೋಡಿಕೊಳ್ಳಬೇಕು. ತೊಟ್ಟಿ ಮನೆಗಳು ಬಹುಪಾಲು ಅಣ್ಣತಮ್ಮಂದಿರ ಜಂಟಿ ಆಸ್ತಿ. ವಿಭಾಗಪತ್ರದಲ್ಲಿ ತೊಟ್ಟಿಯ ಆಚೆ ಒಬ್ಬರದು, ಈಚೆ ಇನ್ನೊಬ್ಬರದು ಎಂದಿದ್ದರೆ ಅರ್ಧ ಮಾಡು ಬಿಚ್ಚುವ ಕೆಲಸಕ್ಕೆ ಕೈಹಾಕಬೇಡಿ. ನೀರಿಗೆ ವಿಭಾಗಪತ್ರ ಗೊತ್ತಿಲ್ಲ. ಬೇಲೂರು, ಹಳೇಬೀಡಿನಲ್ಲಿ ಮನೆಯಿದ್ದವರಿಗೆ ಇನ್ನೊಂದು ಹೆಜ್ಜೆ ಇದೆ. 2010ರ ತಿದ್ದುಪಡಿಯ ನಂತರ ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ದುರಸ್ತಿಗೂ ಅನುಮತಿ ಬೇಕು. ಅದರಾಚೆಗಿನ 200 ಮೀಟರ್‌ನಲ್ಲಿ ಏನು ಕಟ್ಟಿದರೂ ಅನುಮತಿ ಪಡೆದೇ ಕಟ್ಟಬೇಕು. ಮಾಡು ಬಿಚ್ಚಿಟ್ಟುಕೊಂಡು ಅನುಮತಿಗೆ ಕಾಯುವ ಪರಿಸ್ಥಿತಿ ತಂದುಕೊಳ್ಳಬಾರದು.

ಇನ್ನು ಹಂಚಿನ ಲೆಕ್ಕ. ಸೂರೂ ಸೇರಿ ಮನೆಯ ನೆಲದಳತೆ 56 ಅಡಿಗೆ 44 ಅಡಿ, ಅಂದರೆ 2,464 ಚದರ ಅಡಿ. ನಡುವೆ 12ಕ್ಕೆ 10 ಅಡಿಯ ತೊಟ್ಟಿಯ ಬಾಯಿ ಕಳೆದರೆ 2,344. ಮಾಡಿನ ಇಳಿಜಾರು 30 ಡಿಗ್ರಿ, ಮೇಸ್ತ್ರಿಯ ಭಾಷೆಯಲ್ಲಿ ಅಡಿಗೆ ಏಳು ಇಂಚು. ಆ ಇಳಿಜಾರಿಗೆ ನೆಲದಳತೆಯನ್ನು 1.155ರಿಂದ ಗುಣಿಸಿದರೆ ಮಾಡಿನ ನಿಜವಾದ ವಿಸ್ತೀರ್ಣ ಸಿಗುತ್ತದೆ: 2,707 ಚದರ ಅಡಿ, ಹೆಚ್ಚುಕಡಿಮೆ 27 ಚದರ (ಒಂದು ಚದರ ಅಂದರೆ 100 ಚದರ ಅಡಿ). 410ಕ್ಕೆ 235 ಮಿಲಿಮೀಟರ್‌ನ ಮಂಗಳೂರು ಹಂಚು ಒಂದರ ಮೇಲೊಂದು ಕೂತ ಮೇಲೆ ಚದರಕ್ಕೆ 138 ಬೇಕು. ಒಟ್ಟು 3,736. ಒಡೆಯುವುದಕ್ಕೆ, ಮೂಲೆಯಲ್ಲಿ ಕತ್ತರಿಸುವುದಕ್ಕೆ ನೂರಕ್ಕೆ ಐದರಂತೆ ಸೇರಿಸಿದರೆ 3,900 ಚಿಲ್ಲರೆ.

ಹಂಚಿನ ಸಂಖ್ಯೆಗಿಂತ ಮುಖ್ಯವಾದದ್ದು ಅದರ ಭಾರ. ಒಣ ಹಂಚು ಎರಡೂವರೆ ಕೆಜಿ ಎಂದಿಟ್ಟುಕೊಂಡರೂ ಮನೆಯ ಮೇಲೆ ಒಂಬತ್ತು ಟನ್ನಿಗೂ ಮಿಕ್ಕಿದ ಭಾರ ಕೂತಿರುತ್ತದೆ. ಮಳೆಗಾಲದಲ್ಲಿ ಹಂಚು ನೀರು ಕುಡಿಯುತ್ತದೆ. ಮಂಗಳೂರು ಹಂಚಿನ ಭಾರತೀಯ ಮಾನಕವಾದ ಐಎಸ್ 654ರ ಪ್ರಕಾರ ಎಎ ದರ್ಜೆಯ ಹಂಚು ತನ್ನ ತೂಕದ ಶೇ 18, ಎ ದರ್ಜೆಯದು ಶೇ 20ರ ಮೇಲೆ ನೀರು ಹೀರಬಾರದು. ಆ ಮಿತಿಯವರೆಗೆ ಕುಡಿದರೂ ಜುಲೈನಲ್ಲಿ ಮಾಡಿನ ತೂಕ ಮತ್ತೆ ಒಂದೂವರೆ ಟನ್ನಿನ ಮೇಲೆ ಏರುತ್ತದೆ. ತುದಿ ಕೊಳೆತ ಪಕಾಸಿಗಳು ಮಳೆಗಾಲದ ನಡುವೆಯೇ, ಅದೂ ರಾತ್ರಿ ಹೊತ್ತು ಮುರಿಯುವುದಕ್ಕೆ ಗಾಳಿ ಒಂದೇ ಕಾರಣವಲ್ಲ.

ಹಳೆಯ ಹಂಚು ಎಸೆಯಬೇಡಿ ಎಂದು ನಾವು ಎಲ್ಲರಿಗೂ ಹೇಳುತ್ತೇವೆ. ಕ್ರೈಸ್ತ ಮಿಷನರಿಗಳಾದ ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಆ ನಮೂನೆ ಘಟ್ಟ ಹತ್ತಿ ಬಂತು. ಅದಕ್ಕೆ ಮುಂಚೆ ಇಲ್ಲಿ ಹುಲ್ಲು, ಸೋಗೆ, ಕೈಯಲ್ಲಿ ತಟ್ಟಿದ ನಾಡಹಂಚು. ಹಳೆಯ ಹಂಚಿನ ಬೆನ್ನ ಮೇಲೆ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಅದು ಬರೀ ಚೆಂದಕ್ಕಲ್ಲ, ವಿಂಗಡಿಸುವಾಗ ಕೆಲಸಕ್ಕೆ ಬರುತ್ತದೆ. ಒಂದೊಂದು ಕಾರ್ಖಾನೆಯ ಅಚ್ಚಿನಲ್ಲಿ ಗಾಡಿ, ಅಂದರೆ ಹಂಚಿಗೆ ಹಂಚು ಸಿಕ್ಕಿಕೊಳ್ಳುವ ಕಾಲುವೆ, ಒಂದೊಂದು ಆಳ. ಬೇರೆ ಬೇರೆ ಹೆಸರಿನವನ್ನು ಒಂದೇ ಸಾಲಿನಲ್ಲಿ ಬೆರೆಸಿದರೆ ಹಂಚು ಕೂತಂತೆ ಕಾಣುತ್ತದೆ, ಕಾಗದ ತೂರಿಸಿ ನೋಡಿದರೆ ಸಲೀಸಾಗಿ ಹೋಗುತ್ತದೆ. ಆದ್ದರಿಂದ ಒಂದು ಮಾಡಿಗೆ ಒಂದೇ ಹೆಸರು. ಕಡಿಮೆ ಬಿದ್ದರೆ ಆ ಮಾಡಿಗೆ ಪೂರ್ತಿ ಹೊಸದು, ಮಿಕ್ಕ ಹಳೆಯವು ಕೊಟ್ಟಿಗೆಗೆ.

ಹಂಚಿನ ಒಂದು ಮೂಲೆ ಹಿಡಿದು ತೂಗಾಡಿಸಿ ಬೆರಳ ಗೆಣ್ಣಿನಿಂದ ಬಡಿದರೆ ಒಳ್ಳೆಯದು ಠಣ್ ಎನ್ನುತ್ತದೆ. ಕೂದಲೆಳೆಯಷ್ಟು ಬಿರುಕಿದ್ದರೂ ಶಬ್ದ ಮಂಕು. ಇದು ಒಣ ಹಂಚಿಗೆ ಮಾತ್ರ, ಒದ್ದೆ ಹಂಚು ಎಲ್ಲವೂ ಮಂಕಾಗಿಯೇ ಕೇಳುತ್ತದೆ. ಹಾಗಾಗಿ ಎರಡು ದಿನ ಬಿಸಿಲಿಗೆ ಒರಗಿಸಿಟ್ಟು ಆಮೇಲೆ ಬಡಿಯಬೇಕು. ಹೊಸ ಲೋಡು ಬಂದಾಗ ಹತ್ತು ಹಂಚು ಎತ್ತಿ ತೂಗಿ, ಒಂದು ದಿನ ಪೂರ್ತಿ ನೀರಿನಲ್ಲಿ ಮುಳುಗಿಸಿ, ಒರೆಸಿ ಮತ್ತೆ ತೂಗಿ. ಅಂಗಡಿ ತಕ್ಕಡಿಯೇ ಸಾಕು. ಎರಡೂವರೆ ಕೆಜಿಯದ್ದು ಮೂರು ಕೆಜಿ ಮುಟ್ಟಿದರೆ ಶೇ 20 ಆಯಿತು, ಅದರ ಮೇಲೆ ಹೋದರೆ ಲೋಡು ವಾಪಸ್. ಪಾಚಿ ತೆಗೆಯಲು ತಂತಿ ಬ್ರಷ್ ಹಾಕಿಸಬೇಡಿ. ಅದು ಹಂಚಿನ ಸುಟ್ಟ ಮೈಯನ್ನೇ ಕೆರೆದುಬಿಡುತ್ತದೆ, ಮುಂದಿನ ಮಳೆಗಾಲಕ್ಕೆ ಪಾಚಿ ಇಮ್ಮಡಿ. ತೆಂಗಿನ ನಾರಿನ ಬ್ರಷ್, ಬ್ಲೀಚಿಂಗ್ ಪುಡಿ ಕಲಸಿದ ನೀರು, ಆಮೇಲೆ ಬಿಸಿಲು. ಇಳಿಸಿದ ಹಂಚನ್ನು ಮಲಗಿಸಿ ಪೇರಿಸಿದರೆ ಅಡಿಯವು ಬಿರಿಯುತ್ತವೆ, ಅಂಚಿನ ಮೇಲೆ ನಿಲ್ಲಿಸಿಡಬೇಕು.

ಮರದ ವಿಷಯಕ್ಕೆ ಬಂದರೆ, ‘ನಮ್ಮ ತೋಟದಲ್ಲೇ ಇದೆಯಲ್ಲ ಸಾರ್’ ಎನ್ನುವ ಮಾತು ಎಲ್ಲ ಮನೆಯಲ್ಲೂ ಬರುತ್ತದೆ. ತೋಟದಲ್ಲಿ ಕೈಗೆ ಸುಲಭವಾಗಿ ಸಿಗುವುದು ಸಿಲ್ವರ್ ಓಕ್. ಅದನ್ನು ಕಡಿಯಲು ಮರ ಸಂರಕ್ಷಣಾ ಕಾಯ್ದೆಯಲ್ಲಿ ವಿನಾಯಿತಿ ಇದೆ ನಿಜ, ಆದರೆ ಮಾಡಿಗೆ ಅದು ಬರುವುದಿಲ್ಲ. ಕುಟ್ಟೆ ಹುಳಕ್ಕೆ ಅಚ್ಚುಮೆಚ್ಚು. ಹೊನ್ನೆ, ಮತ್ತಿ, ನಂದಿ, ಹೆಬ್ಬಲಸು ಒಳ್ಳೆಯವು, ಅವಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಸಮಯ ಹಿಡಿಯುತ್ತದೆ. ಅಮಾವಾಸ್ಯೆಗೆ ಕಡಿದ ಮರಕ್ಕೆ ಹುಳ ಬೀಳುವುದಿಲ್ಲ ಎನ್ನುತ್ತಾರೆ ಬಡಗಿಗಳು. ನಾವು ಅದಕ್ಕೆ ಎದುರಾಡುವುದಿಲ್ಲ, ಕಡಿದ ಮೇಲೆ ಎಷ್ಟು ದಿನ ಒಣಗಿತು ಎಂದಷ್ಟೇ ಕೇಳುತ್ತೇವೆ. ಒಂದಿಂಚು ದಪ್ಪಕ್ಕೆ ಒಂದು ವರ್ಷ ನೆರಳಿನ ಒಣಗು ಎನ್ನುವುದು ಹಳೆಯ ಲೆಕ್ಕ. ಮೂರಿಂಚಿನ ಪಕಾಸಿಗೆ ಮೂರು ವರ್ಷ ಯಾರೂ ಕಾಯುವುದಿಲ್ಲ. ಅದಕ್ಕೇ ಕೆಡವಿದ ಮನೆಗಳ ಹಳೆಯ ಮರ ಸಿಕ್ಕರೆ ಹೊಸದಕ್ಕಿಂತ ಮೇಲು. ಮೊಳೆ ಕೀಳಿಸಿ ಕೊಯ್ಯಿಸಬೇಕು, ಇಲ್ಲದಿದ್ದರೆ ಸಾಮಿಲ್ಲಿನವರು ಗರಗಸದ ದುಡ್ಡನ್ನೂ ಕೇಳುತ್ತಾರೆ. ಎರಡಿಂಚಿಗೆ ಒಂದಿಂಚಿನ ರೀಪು ಈ ಮನೆಗೆ 2,600 ಅಡಿ. ಗಂಟು, ತುಂಡು ಕಳೆಯುವುದಕ್ಕೆಂದು 2,850 ಅಡಿ ಹಿಡಿದೆವು. ಅಲ್ಲಿಗೆ ಸುಮಾರು 40 ಸಿಎಫ್‌ಟಿ (ಘನ ಅಡಿ).

ಕೆಲಸದ ದಿನ ಗೊತ್ತು ಮಾಡುವುದು ಕ್ಯಾಲೆಂಡರಿಗಿಂತ ಕಾಫಿ. ಅರೇಬಿಕಾ ಕೊಯ್ಲಿನಿಂದ ರೋಬಸ್ಟಾ ಕೊಯ್ಲು ಮುಗಿಯುವವರೆಗೆ ಊರಿನಲ್ಲಿ ಆಳು ಸಿಗುವುದಿಲ್ಲ, ಮನೆಯ ಅಂಗಳವೇ ಕಾಫಿ ಕಣ. ಫೆಬ್ರವರಿ ಕೊನೆಗೆ ಕಣ ಬಿಡುವಾಗುತ್ತದೆ. ಜೂನ್ ಮೊದಲ ವಾರಕ್ಕೆ ಮುಂಗಾರು. ನಡುವೆ ಮೂರು ತಿಂಗಳು, ಅದರಲ್ಲೂ ಮಾರ್ಚ್, ಏಪ್ರಿಲಿನಲ್ಲಿ ಕಾಫಿ ಹೂವರಳಿಸುವ ಬ್ಲಾಸಂ ಮಳೆ. ಬೆಳೆಗಾರರು ಆ ಮಳೆಗೆ ದೇವರಿಗೆ ಹರಕೆ ಹೊರುತ್ತಿರುತ್ತಾರೆ, ನಾವು ಟಾರ್ಪಾಲು ಹಿಡಿದು ಕಾಯುತ್ತಿರುತ್ತೇವೆ. ಆ ಮಳೆ ಬರುವುದು ಮಧ್ಯಾಹ್ನದ ಮೇಲೆ. ಹಾಗಾಗಿ ಬೆಳಿಗ್ಗೆ ಬಿಚ್ಚಿದ್ದನ್ನು ಮೂರು ಗಂಟೆಯೊಳಗೆ ಮುಚ್ಚಬೇಕು ಎಂಬುದು ಕೆಲಸದ ಮೊದಲ ಕಟ್ಟಳೆ. ಮಣ್ಣಿನ ಗೋಡೆಯ ತಲೆ ಒಮ್ಮೆ ನೆನೆದರೆ ಮಾಡಿಗಿಂತ ದೊಡ್ಡ ಕೆಲಸ ಮೈಮೇಲೆ ಬರುತ್ತದೆ.

ಬಿಚ್ಚುವ ಕ್ರಮದಲ್ಲೇ ಹೆಚ್ಚಿನ ಅನಾಹುತ. ಒಂದು ಕಡೆಯ ಮಾಡು ಪೂರ್ತಿ ಇಳಿಸಿ ಆಮೇಲೆ ಇನ್ನೊಂದು ಕಡೆ ಎಂದು ಹೊರಟರೆ, ನೆತ್ತಿಯ ಎರಡೂ ಕಡೆ ಒಂದನ್ನೊಂದು ಒತ್ತಿಕೊಂಡು ನಿಂತ ಪಕಾಸಿಗಳ ತೂಕ ತಪ್ಪುತ್ತದೆ. ಭಾರವಿದ್ದ ಕಡೆ ಮಾಡು ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ಮಣ್ಣಿನ ಗೋಡೆ ಮೇಲಿನ ಭಾರವನ್ನು ಎಷ್ಟು ಬೇಕಾದರೂ ಹೊರುತ್ತದೆ, ಪಕ್ಕದ ತಳ್ಳಾಟವನ್ನು ತಡೆಯುವುದಿಲ್ಲ. ನಾವು ಅಂಕಣ ಲೆಕ್ಕದಲ್ಲಿ ಬಿಚ್ಚಿದೆವು. ಕಂಬದಿಂದ ಕಂಬಕ್ಕೆ ಒಂದು ಅಂಕಣ, ಅದರ ಎರಡೂ ಕಡೆಯ ಇಳಿಜಾರು ಒಟ್ಟಿಗೆ, ನೆತ್ತಿಯಿಂದ ಕೆಳಕ್ಕೆ ಆ ಕಡೆ ನಾಲ್ಕು ಸಾಲು, ಈ ಕಡೆ ನಾಲ್ಕು ಸಾಲು. ತೊಲೆಗೆ ಅಡಿಯಿಂದ ಅಡಿಕೆ ಮರದ ಮೋಟು ಕೊಟ್ಟರೆ ಸಾಲದು, ಬಲವಾದ ಊರುಗೋಲು ಬೇಕು. ಊರುಗೋಲಿನ ಬುಡಕ್ಕೆ ಅಗಲವಾದ ಹಲಗೆ ಇಡದಿದ್ದರೆ ಮಣ್ಣಿನ ನೆಲದಲ್ಲಿ ಅದು ಇಳಿದು ಏನೂ ಹೊರುವುದಿಲ್ಲ. ಪ್ರತಿ ಪಕಾಸಿಗೂ ನಂಬರು ಹೊಡೆದ ತಗಡಿನ ಚೂರು, ಅದೇ ನಂಬರು ನಕ್ಷೆಯಲ್ಲಿ. ಬಡಗಿಗಳು ಮೊದಲ ದಿನ ನಕ್ಕರು. ಕೈಯಲ್ಲಿ ಕೆತ್ತಿದ ಪಕಾಸಿ ಯಾವುದೂ ಇನ್ನೊಂದರ ಜಾಗಕ್ಕೆ ಹೊಂದುವುದಿಲ್ಲ ಎಂದು ಗೊತ್ತಾದ ಮೇಲೆ ತಗಡನ್ನು ಅವರೇ ಕತ್ತರಿಸಿಕೊಂಡರು.

ಗೋಡೆ ತಲೆಯ ಮೇಲೆ ಕೂರುವ ಅಡ್ಡಮರವನ್ನು ಈ ಮನೆಯಲ್ಲಿ ಮಣ್ಣಿನೊಳಗೆ ಹೂತಿದ್ದರು. ಹೊರಗೋಡೆಯ ಉದ್ದಕ್ಕೂ ಅದರ ಅಡಿಭಾಗ ಪುಡಿಯಾಗಿತ್ತು. ಹೊಸ ಅಡ್ಡಮರದ ಅಡಿಗೆ ನಾಲ್ಕು ಅಡಿಗೊಂದರಂತೆ ಕಲ್ಲಿನ ಚಪ್ಪಡಿ ಕೊಟ್ಟು ಮರ ಮಣ್ಣಿಗೆ ತಾಗದಂತೆ ಅರ್ಧ ಇಂಚು ಎತ್ತಿದೆವು. ಬುಡ ಮಾತ್ರ ಕೆಟ್ಟ ಪಕಾಸಿಯನ್ನು ಇಡೀ ಬದಲಿಸುವುದು ದಂಡ. ಗಟ್ಟಿ ಮರ ಸಿಗುವವರೆಗೆ ಓರೆಯಾಗಿ ಕೊಯ್ದು, ಮರದ ಎತ್ತರದ ಕನಿಷ್ಠ ಮೂರು ಪಟ್ಟು ಉದ್ದದ ಜೋಡು ಕೊಟ್ಟು, ಎರಡು ಬೋಲ್ಟು ಹಾಕಿದರೆ ಆಯಿತು. ಜೋಡು ಬರುವುದು ಆಸರೆಯ ಹತ್ತಿರವೇ ಆಗಬೇಕು. ನಡುಮಧ್ಯ ಬಂದರೆ ಪಕಾಸಿ ಅಲ್ಲೇ ಬಾಗುತ್ತದೆ. ಗಟ್ಟಿಮರಕ್ಕೆ ಮೊದಲು ಡ್ರಿಲ್ ಹೊಡೆಯದೆ ಮೊಳೆ ಹೊಡೆದರೆ ಸೀಳುವುದು ಖಂಡಿತ.

ಹುಳಕ್ಕೆ ಬೋರಾಕ್ಸ್ ಒಂದೂವರೆ ಪಾಲು, ಬೋರಿಕ್ ಆಸಿಡ್ ಒಂದು ಪಾಲು ಬಿಸಿನೀರಿನಲ್ಲಿ ಕರಗಿಸಿ ಎರಡು ಸಲ ಬಳಿದೆವು. ಇದು ಒಳಗಿನ ಮರಕ್ಕೆ ಸರಿ. ಸೂರಿನ ತುದಿಗೆ ಬಳಿದರೆ ಮಳೆಯಲ್ಲಿ ತೊಳೆದು ಹೋಗುತ್ತದೆ, ಅಲ್ಲಿಗೆ ಗೇರೆಣ್ಣೆ. ಗೇರೆಣ್ಣೆ ಮೈಗೆ ತಾಗಿದರೆ ಸುಟ್ಟ ಹಾಗೆ ಬೊಕ್ಕೆ ಏಳುತ್ತದೆ, ಕೈಗವಸು ಇಲ್ಲದೆ ಯಾರನ್ನೂ ಮುಟ್ಟಲು ಬಿಡಬೇಡಿ. ಗ್ಯಾರೇಜಿನ ಕರಿ ಎಣ್ಣೆ ಬಳಿಯುವ ರೂಢಿ ಬಹಳ ಕಡೆ ಇದೆ. ವಾಸನೆ ವರ್ಷಗಟ್ಟಲೆ ಹೋಗುವುದಿಲ್ಲ, ಒರಲೆ ಎರಡು ವರ್ಷಕ್ಕೆ ವಾಪಸ್ ಬರುತ್ತದೆ.

ರೀಪು ಹೊಡೆಯುವುದು ಇಡೀ ಕೆಲಸದಲ್ಲಿ ಕಣ್ಣಿಗೆ ಸುಲಭ, ಕೈಗೆ ಕಷ್ಟ. ನಮ್ಮ ನಕ್ಷೆಯಲ್ಲಿ ರೀಪಿನಿಂದ ರೀಪಿಗೆ 320 ಮಿಲಿಮೀಟರ್ ಎಂದು ಬರೆದಿತ್ತು. ಬಡಗಿ ಮೇಸ್ತ್ರಿ ನೋಡಿ, ‘ಇದು ಎಷ್ಟು ನೂಲು ಸಾರ್?’ ಎಂದರು. ಇಂಚಿಗೆ ಎಂಟು ನೂಲು. 320 ಮಿಲಿಮೀಟರ್ ಅಂದರೆ ಹನ್ನೆರಡು ಇಂಚು ಐದು ನೂಲು. ಅವರ ರೂಢಿ ಹನ್ನೆರಡು ಇಂಚು ನಾಲ್ಕು ನೂಲು. ಒಂದು ನೂಲಿನ ವ್ಯತ್ಯಾಸ ತಾನೇ ಎನಿಸುತ್ತದೆ. ಮುಂಭಾಗದ ಮಾಡಿಗೆ ಹನ್ನೆರಡು ಸಾಲು, ಸಾಲಿಗೊಂದು ನೂಲಿನಂತೆ ಒಂದೂವರೆ ಇಂಚು ತಪ್ಪುತ್ತದೆ. ನೆತ್ತಿಗೆ ಬಂದಾಗ ಕೊನೆಯ ಸಾಲು ರಿಡ್ಜ್ ಹಂಚಿನ ಅಡಿಗೆ ಸಾಕಷ್ಟು ಹೋಗುವುದಿಲ್ಲ, ಇಲ್ಲವೇ ತುಳಿದು ಮೇಲೇಳುತ್ತದೆ. ಇದನ್ನು ತೀರ್ಮಾನಿಸಬೇಕಾದದ್ದು ನಕ್ಷೆಯೂ ಅಲ್ಲ, ರೂಢಿಯೂ ಅಲ್ಲ, ಆ ಲೋಡಿನ ಹಂಚು. ಅಂಗಳದಲ್ಲಿ ಎರಡು ರೀಪು ಹಾಸಿ ಹನ್ನೊಂದು ಹಂಚನ್ನು ಉದ್ದಕ್ಕೆ ಒಂದಕ್ಕೊಂದು ಸಿಕ್ಕಿಸಿ. ಮೊದಲು ಎಲ್ಲವನ್ನೂ ಒತ್ತಿ ಬಿಗಿ ಮಾಡಿ, ಮೊದಲ ಹಂಚಿನ ಮೂಗಿನಿಂದ ಹನ್ನೊಂದನೆಯದರ ಮೂಗಿಗೆ ಅಳೆಯಿರಿ. ಆಮೇಲೆ ಗಾಡಿ ಬಿಡದಷ್ಟು ಎಳೆದು ಸಡಿಲ ಮಾಡಿ ಮತ್ತೆ ಅಳೆಯಿರಿ. ಎರಡನ್ನೂ ಕೂಡಿ ಇಪ್ಪತ್ತರಿಂದ ಭಾಗಿಸಿದರೆ ರೀಪಿನ ಅಂತರ. ಇಲ್ಲಿ ಬಂದದ್ದು ಹನ್ನೆರಡು ಇಂಚು ನಾಲ್ಕು ನೂಲೇ, ಮೇಸ್ತ್ರಿಯದೇ ಗೆದ್ದಿತು. ಆ ಅಳತೆಗೆ ಒಂದು ಕಟ್ಟಿಗೆ ಕತ್ತರಿಸಿ ಪ್ರತಿ ರೀಪಿಗೂ ಅದನ್ನೇ ಇಟ್ಟು ಹೊಡೆಯಬೇಕು, ಟೇಪು ಹಿಡಿದರೆ ತಪ್ಪುತ್ತದೆ. ಸೂರಿನ ಮೊದಲ ರೀಪು ಮಾತ್ರ ಜೋಡಿ ದಪ್ಪ. ಮೇಲಿನ ಸಾಲಿನ ಹಂಚುಗಳಿಗೆ ಅಡಿಯಲ್ಲಿ ಇನ್ನೊಂದು ಹಂಚಿನ ಆಸರೆ ಇರುತ್ತದೆ, ಮೊದಲ ಸಾಲಿಗೆ ಇರುವುದಿಲ್ಲ. ದಪ್ಪ ಕೊಡದಿದ್ದರೆ ಆ ಸಾಲು ಮೂಗು ತಗ್ಗಿಸಿ ಎರಡನೆಯ ಸಾಲಿನ ಗಾಡಿ ಬಾಯಿ ತೆರೆಯುತ್ತದೆ.

ತೊಟ್ಟಿಗೆ ಬರೋಣ. ಕೆಂಪು ಗುರುತು ಹನ್ನೊಂದರಲ್ಲಿ ಏಳು ಇದ್ದದ್ದು ಅಲ್ಲೇ. ನಾಲ್ಕು ಕಡೆಯ ಮಾಡು ಒಳಕ್ಕೆ ಇಳಿದು ಕೂಡುವ ತಗ್ಗನ್ನು ಈಗ ಎಲ್ಲರೂ ವ್ಯಾಲಿ ಅಂತಲೇ ಅನ್ನುತ್ತಾರೆ. ಜನಕ್ಕೆ ಹೊಳೆಯದ ಒಂದು ಸಂಗತಿ ಇದೆ: ಎರಡೂ ಕಡೆಯ ಮಾಡು 30 ಡಿಗ್ರಿ ಇದ್ದರೂ ಅವು ಕೂಡುವ ವ್ಯಾಲಿಯ ಇಳಿಜಾರು 22 ಡಿಗ್ರಿ ಅಷ್ಟೇ. ಎಲ್ಲಕ್ಕಿಂತ ಹೆಚ್ಚು ನೀರು ಹರಿಯುವ ಜಾಗದಲ್ಲೇ ಇಳಿಜಾರು ಎಲ್ಲಕ್ಕಿಂತ ಕಡಿಮೆ. ಎಲೆ ನಿಲ್ಲುವುದೂ ಅಲ್ಲೇ. ಹಳೆಯ ತಗಡು ತೆಳ್ಳಗಿತ್ತು, ಒಂದಡಿ ಅಗಲ, ಅಂಚಿಗೆ ಸಿಮೆಂಟು ಮೆತ್ತಿದ್ದರು. ಸಿಮೆಂಟು ಬಿರುಕು ಬಿಟ್ಟು ಆ ಬಿರುಕೇ ನೀರು ಹೀರುವ ಬತ್ತಿಯಾಗಿತ್ತು.

ಒಂದು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಗಡು, ಒಂದೂವರೆ ಅಡಿ ಅಗಲ, ಎರಡೂ ಅಂಚು ಮುಕ್ಕಾಲಿಂಚು ಮೇಲಕ್ಕೆ ಮಡಿಸಿದ್ದು, ಅಡಿಗೆ ಹಲಗೆ. ಎರಡು ಕಡೆಯ ಹಂಚಿನ ನಡುವೆ ನಾಲ್ಕು ಇಂಚು ಬಾಯಿ ತೆರೆದೇ ಇರಬೇಕು, ಕೈ ಹೋಗಬೇಕು, ಪೊರಕೆ ಹೋಗಬೇಕು. ಗಾರೆ, ಸಿಮೆಂಟು ಏನನ್ನೂ ಮೆತ್ತಬಾರದು. ಹಸಿ ಸುಣ್ಣ, ಸಿಮೆಂಟು ಎರಡೂ ಅಲ್ಯೂಮಿನಿಯಮನ್ನು ತಿನ್ನುತ್ತವೆ. ಇಲ್ಲಿ ನಮ್ಮಿಂದಲೇ ಒಂದು ತಪ್ಪಾಯಿತು. ತಗಡಿನ ಉದ್ದ ಸಾಲದೆ ಎರಡು ತುಂಡು ಸೇರಿಸಿದ ಕಡೆ ಮೂರೇ ಇಂಚು ಮೇಲುಹಾಸು ಕೊಟ್ಟು ಸಿಲಿಕೋನ್ ಹಚ್ಚಿದ್ದೆವು. ಮೇ ತಿಂಗಳ ಮೊದಲ ಜೋರು ಮಳೆಗೆ ಸೋರಿತು. ಬಿಸಿಲಿಗೆ ತಗಡು ಹಿಗ್ಗಿ ಕುಗ್ಗಿ ಸಿಲಿಕೋನ್ ಬಿಟ್ಟಿತ್ತು. 22 ಡಿಗ್ರಿಯಲ್ಲಿ ಎಲೆ ಕಟ್ಟಿ ನಿಂತ ನೀರು ಮೂರಿಂಚನ್ನು ಸಲೀಸಾಗಿ ಹಿಂದಕ್ಕೆ ಏರುತ್ತದೆ. ನಾಲ್ಕೂ ವ್ಯಾಲಿ ಬಿಚ್ಚಿ ಎಂಟಿಂಚು ಮೇಲುಹಾಸು ಕೊಟ್ಟ ಮೇಲೆ ಸರಿಹೋಯಿತು. ಅಂಟನ್ನು ನಂಬಿ ಯಾವ ಜೋಡನ್ನೂ ಬಿಡಬಾರದು.

ತೊಟ್ಟಿಗೆ ಬೀಳುವ ನೀರಿನ ಲೆಕ್ಕ: ಒಳಕ್ಕೆ ಇಳಿಯುವ ಮಾಡು, ತೊಟ್ಟಿಯ ಬಾಯಿ ಸೇರಿ ನೆಲದಳತೆ 85 ಚದರ ಮೀಟರ್. ಗಂಟೆಗೆ 50 ಮಿಲಿಮೀಟರ್ ಸುರಿದರೆ 4,250 ಲೀಟರ್. ಲೆಕ್ಕದ ಪ್ರಕಾರ ನಾಲ್ಕಿಂಚಿನ ಒಂದು ಪೈಪು ಸಾಕು. ಒಂದು ಹಿಡಿ ಹಲಸಿನೆಲೆ ಬಿದ್ದರೆ ಆರಿಂಚಿನದ್ದೂ ಸಾಲದು. ಹಳಬರ ಕಲ್ಲಿನ ಕಂಡಿಯನ್ನು ಹಾಗೇ ಉಳಿಸಿ, ಅದಕ್ಕಿಂತ ಮೂರಿಂಚು ಎತ್ತರದಲ್ಲಿ ಎರಡನೆಯ ದಾರಿ ಕೊಟ್ಟೆವು. ಮೊದಲನೆಯದು ಕಟ್ಟಿಕೊಂಡರೆ ಪಡಸಾಲೆಗೆ ಏರುವ ಮುಂಚೆ ನೀರು ಎರಡನೆಯದರಲ್ಲಿ ಹೋಗುತ್ತದೆ. ತೊಟ್ಟಿಯ ಮೇಲೆ ಪಾಲಿಕಾರ್ಬೊನೇಟ್ ಹಾಳೆ ಮುಚ್ಚಬೇಕೆಂಬ ಆಸೆ ಮನೆಯವರಿಗಿತ್ತು. ಮುಚ್ಚಿದರೆ ಮನೆಯ ಬಿಸಿಗಾಳಿ ಏರಿ ಹೋಗುವ ದಾರಿ ಕಟ್ಟುತ್ತದೆ, ಗೋಡೆಯ ತೇವ ಆರುವುದಿಲ್ಲ. ಕಳ್ಳಕಾಕರ, ಕೋತಿಗಳ ಭಯಕ್ಕೆ ಕಬ್ಬಿಣದ ಜಾಲರಿ ಸಾಕೆಂದು ಒಪ್ಪಿಸಲು ಮೂರು ಸಭೆ ಬೇಕಾದವು.

ಮುಂದಿನ ಜಗಲಿಯದು ಇನ್ನೊಂದು ಬಗೆ. ಯಾವಾಗಲೋ ಜಗಲಿಯನ್ನು ಆರು ಅಡಿ ಮುಂದಕ್ಕೆ ಚಾಚಿದಾಗ ತಲೆಗೆ ತಾಗಬಾರದೆಂದು ಮಾಡನ್ನು 15 ಡಿಗ್ರಿಗೆ, ಅಂದರೆ ಅಡಿಗೆ ಮೂರು ಇಂಚಿಗೆ ಇಳಿಸಿದ್ದರು. ಮಂಗಳೂರು ಹಂಚು 25 ಡಿಗ್ರಿಗಿಂತ ಚಪ್ಪಟೆಯಾದರೆ ಗಾಳಿ ನೀರನ್ನು ಹಂಚಿನ ಮೇಲುಹಾಸಿನೊಳಗೆ ಹಿಮ್ಮುಖವಾಗಿ ತಳ್ಳುತ್ತದೆ. ಎಂಥ ಹಂಚು ತಂದರೂ ಅದು ಸೋರಿಯೇ ಸೋರುತ್ತದೆ. ಚಾಚನ್ನು ಮೂರು ಅಡಿಗೆ ಕಡಿತ ಮಾಡಿ ಇಳಿಜಾರು ಸರಿಮಾಡಿದೆವು. ಹಂಚಿನಡಿಗೆ ಡಾಂಬರು ಹಾಳೆ ಹಾಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಹಾಳೆಯ ಮೇಲೆ ನೇರವಾಗಿ ರೀಪು ಹೊಡೆದರೆ ಒಳಗೆ ನುಗ್ಗಿದ ನೀರು ಪ್ರತಿ ರೀಪಿನ ಹಿಂದೆ ಕಟ್ಟೆ ಕಟ್ಟಿಕೊಂಡು ನಿಲ್ಲುತ್ತದೆ, ಐದಾರು ವರ್ಷಕ್ಕೆ ರೀಪು ಕೊಳೆತು ಸಾಲುಸಾಲೇ ಜಾರುತ್ತದೆ. ಹಾಳೆ ಬೇಕೇ ಬೇಕು ಎಂದರೆ ಪಕಾಸಿಯ ಉದ್ದಕ್ಕೆ ಅರ್ಧ ಇಂಚಿನ ಪಟ್ಟಿ ಮೊದಲು ಹೊಡೆದು, ಅದರ ಮೇಲೆ ಅಡ್ಡ ರೀಪು. ನೀರು ಪಟ್ಟಿಗಳ ನಡುವೆ ಜಾರಿ ಸೂರಿಗೆ ಹೋಗುತ್ತದೆ.

ರಿಡ್ಜ್ ಹಂಚಿಗೆ ಬರೀ ಸಿಮೆಂಟು ಗಾರೆ ಬೇಡ. ಸಿಮೆಂಟು ಒಂದು, ಸುಣ್ಣ ಒಂದು, ಮರಳು ಆರು. ಹಂಚಿನ ಅಂಚಿನಿಂದ ಅರ್ಧ ಇಂಚು ಒಳಕ್ಕೆ ನಿಲ್ಲಬೇಕು. ಕೋತಿಗಳಿರುವ ಊರಾದರೆ, ಇಲ್ಲದ ಊರು ಈಗ ಯಾವುದಿದೆ, ಮೂರನೆಯ ಸಾಲಿಗೊಮ್ಮೆ ಹಂಚಿನ ಬೆನ್ನಿನ ತೂತಿಗೆ ತಾಮ್ರದ ತಂತಿ ಹಾಕಿ ರೀಪಿಗೆ ಬಿಗಿಯಬೇಕು. ಎಲ್ಲ ಹಂಚಿಗೂ ಕಟ್ಟಿದರೆ ಒಡೆದದ್ದು ಬದಲಿಸಲು ಕೈ ಹೋಗುವುದಿಲ್ಲ.

ಗೋಡೆಗೆ ಹದಿನೈದು ವರ್ಷದ ಹಿಂದೆ ಸಿಮೆಂಟು ಪ್ಲಾಸ್ಟರ್ ಮಾಡಿಸಿದ್ದರು. ಒಳಗಿನ ಮಣ್ಣಿನ ತೇವ ಹೊರಬರಲು ದಾರಿಯಿಲ್ಲದೆ ಪ್ಲಾಸ್ಟರಿನ ಹಿಂದೆ ಮಣ್ಣು ಪುಡಿಯಾಗಿ, ತಟ್ಟಿದರೆ ಟೊಳ್ಳು ಶಬ್ದ. ನೆಲದಿಂದ ನಾಲ್ಕು ಅಡಿವರೆಗೆ ಅದನ್ನು ಕಿತ್ತು, ಹದಿನೈದು ದಿನ ನೆನೆಸಿಟ್ಟ ಸುಣ್ಣ ಒಂದಕ್ಕೆ ಮರಳು ಮೂರರಂತೆ ಎರಡು ಕೈ ಗಾರೆ ಕೊಡಿಸಿದೆವು. ಒಂದೊಂದು ಕೈ ಅರ್ಧ ಇಂಚು ಮೀರಬಾರದು, ವಾರವಿಡೀ ನೀರು ಚಿಮುಕಿಸುತ್ತಿರಬೇಕು, ಬಿಸಿಲು ಬೀಳುವ ಗೋಡೆಗೆ ಒದ್ದೆ ಗೋಣಿ. ಇದಕ್ಕೆ ಆಗುವಷ್ಟು ತಾಳ್ಮೆಯ ಗಾರೆ ಕೆಲಸದವರು ಈಗ ಅಪರೂಪ.

ಮುಂದಿನ ಜುಲೈನಲ್ಲಿ ಅದೇ ಟಾರ್ಚು ಹಿಡಿದು ಅಟ್ಟ ಹತ್ತಿದೆವು. ಎಣ್ಣೆ ಬಳಪದ ಹಳೆಯ ಗುರುತುಗಳು ಉಳಿಸಿಕೊಂಡ ಪಕಾಸಿಗಳ ಮೇಲೆ ಇನ್ನೂ ಇದ್ದವು, ಎಲ್ಲವೂ ಒಣ. ಹೊಸದಾಗಿ ಒಂದೇ ಕಡೆ ಹನಿ, ಬೆಳಕಿಗೆಂದು ಇಟ್ಟ ಗಾಜಿನ ಹಂಚಿನ ಪಕ್ಕ. ಗಾಜಿನ ಹಂಚಿನ ಅಚ್ಚು ಬೇರೆ ಕಂಪನಿಯದು, ಗಾಡಿಯಲ್ಲಿ ಎರಡು ನೂಲು ಸಂದಿ. ಅದನ್ನು ತೆಗೆದು ಮಣ್ಣಿನ ಹಂಚು ಕೂರಿಸಿ, ಅಂಗಡಿಯಲ್ಲಿ ಗಾಜಿನ ಹಂಚು ಕೊಳ್ಳುವಾಗ ಮಾಡಿನ ಒಂದು ಹಂಚನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ ಸಿಕ್ಕಿಸಿ ನೋಡಬೇಕೆಂದು ಮನೆಯವರಿಗೆ ಹೇಳಿದೆವು. ಉಳಿದ ಇನ್ನೂರು ಹಂಚು ಕೊಟ್ಟಿಗೆಯಲ್ಲಿ ಅಂಚಿನ ಮೇಲೆ ನಿಂತಿವೆ, ಯಾವ ಕಂಪನಿಯದು ಯಾವ ಮಾಡಿಗೆ ಎಂದು ಗೋಡೆಯ ಮೇಲೆ ಬರೆದಿದೆ.